ಒಗ್ಗರಣೆಯ ಘಾಟು ಹೋಗುವ ದಾರಿ

ಶಿಕಾರಿಪುರದ ಬೀದಿಯಲ್ಲಿ ಆಟೋಗೆ ಮೈಕು ಕಟ್ಟಿಕೊಂಡು ಯಾರಾದರೂ ಏನಾದರೂ ಮಾರುತ್ತಿದ್ದರೆ ಆ ದನಿ ಹೆಚ್ಚಾಗಿ ನನ್ನದೇ. ಸೀರೆ ಅಂಗಡಿಗೆ ಒಂದು ದನಿ, ಗೊಬ್ಬರದ ಅಂಗಡಿಗೆ ಒಂದು ದನಿ, ನೀರಿನ ಕಂದಾಯ ಕಟ್ಟಿ ಎಂದು ಗದರಿಸುವುದಕ್ಕೆ ಇನ್ನೊಂದು. ಸೊರಬಕ್ಕೆ ಹೋಗುವ ಆಟೋ ಆದರೆ ಸ್ವಲ್ಪ ಮೆತ್ತಗೆ ಮಾಡಿ, ನಡುನಡುವೆ ಒಂದು ‘ಮಾರಾಯ್ರೇ’ ಸೇರಿಸುತ್ತೇನೆ. ಮದುವೆ ಆರತಕ್ಷತೆಯಲ್ಲಿ ಕರೆದರೆ ಹೋಗಿ ಮಿಮಿಕ್ರಿ ಮಾಡುತ್ತೇನೆ. ಕರೆಯದಿದ್ದರೂ ಊಟದ ಪಂಕ್ತಿಯಲ್ಲಿ ಕೂತು ಮಾಡುತ್ತೇನೆ. ಎಲ್ಲರ ದನಿ ಮಾಡಿ ಮಾಡಿ ನನ್ನ ಸ್ವಂತ ದನಿ ಎಲ್ಲೋ ಜಾರಿಹೋಗಿದೆ. ಬ್ಯಾಂಕಿನವರು ಫೋನು ಮಾಡಿದಾಗ ನಾನೇ ಮಾತಾಡಿದರೂ, “ಅವರಿಗೆ ಸ್ವಲ್ಪ ಕೊಡ್ರಿ” ಅನ್ನುತ್ತಾರೆ.

ಅವತ್ತು ನಾನು ಮನೆಯಲ್ಲಿದ್ದಾಗಲೇ ನಮ್ಮ ಬೀದಿಯಲ್ಲಿ ರೆಕಾರ್ಡು ಮಾಡಿಕೊಟ್ಟ ನನ್ನ ದನಿ ಬಂತು. “ತಾಯಂದಿರೇ, ಅಕ್ಕತಂಗಿಯರೇ! ಹೊಗೆ ಇಲ್ಲ, ಘಾಟು ಇಲ್ಲ, ಕಣ್ಣೀರಿಲ್ಲ! ನಿಮ್ಮ ಅಡುಗೆಮನೆಗೆ ಇಂದೇ ಚಿಮ್ನಿ!”

ಅಡುಗೆಮನೆ ಹೊಸ್ತಿಲ ಮೇಲೆ ಕೂತು ಉಸಿರು ಹುಡುಕುತ್ತಿದ್ದ ಅವ್ವ ತಲೆ ಎತ್ತಿದಳು.

“ಊರಿಗೆಲ್ಲಾ ಹೇಳ್ತಾನೆ. ಮನೇಲಿ ಅವ್ವ ಘಾಟು ಕುಡ್ಕೊಂಡು ಕೂತಾಳೆ.”

ನನಗೆ ನಗು ಬಂತು. ಅವಳಿಗೂ ಬಂತು. ಬಂದ ನಗು ಅರ್ಧಕ್ಕೇ ಕೆಮ್ಮಾಗಿ ತಿರುಗಿತು. ಸೆರಗು ಬಾಯಿಗೆ ಒತ್ತಿಕೊಂಡು, ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಟೋ ಬೀದಿಯ ತಿರುವು ದಾಟಿ, ‘ಕಣ್ಣೀರಿಲ್ಲ’ ಎನ್ನುವುದು ದೂರದಲ್ಲಿ ಇನ್ನೊಮ್ಮೆ ಕೇಳಿ ನಿಂತ ಮೇಲೂ ಅವಳ ಕೆಮ್ಮು ನಿಂತಿರಲಿಲ್ಲ.

ಅಪ್ಪ ನನಗೆ ನೆನಪು ಕೂಡುವ ಮೊದಲೇ ಹೋದವರು. ಅವ್ವ ಸಾರಿನ ಪುಡಿ, ಚಟ್ನಿಪುಡಿ ಮಾಡಿ ಮನೆಮನೆಗೆ ಕೊಟ್ಟು ಅಕ್ಕನನ್ನೂ ನನ್ನನ್ನೂ ಬೆಳೆಸಿದಳು. ಬ್ಯಾಡಗಿ ಮೆಣಸಿನಕಾಯಿ ಹುರಿಯುವುದೇ ಅವಳ ಉದ್ಯೋಗ. ಮೊದಲು ಸೌದೆ ಒಲೆ, ಆಮೇಲೆ ಸೀಮೆಎಣ್ಣೆ ಸ್ಟೌವ್, ಆಮೇಲೆ ಗ್ಯಾಸು. ಒಲೆ ಬದಲಾಯಿತು, ಬಾಣಲೆ ಮೇಲೆ ಬಗ್ಗಿದ ಮುಖ ಬದಲಾಗಲಿಲ್ಲ. “ಇಷ್ಟು ವರ್ಷದ್ದು ಎದೆಯೊಳಗೆ ಕೂತುಬಿಟ್ಟಿದೆ ಕಣಮ್ಮ, ಅದನ್ನ ತೆಗೆಯೋಕೆ ನನ್ನ ಕೈಲಿ ಆಗಲ್ಲ. ಹೊಸದಾಗಿ ಸೇರಿಸಬೇಡ, ಅಷ್ಟೆ” ಎಂದರು ಡಾಕ್ಟರು. ಮನೆಗೆ ಬಂದ ಮೇಲೆ ನಾನು ಡಾಕ್ಟರ ದನಿಯಲ್ಲೇ ಅದನ್ನು ಹೇಳಿದೆ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು. ಅವ್ವ ನಕ್ಕಳು. ಆ ನಗುವಿಗೆ ಬಂದ ಕೆಮ್ಮು ನೋಡಿದ ಮೇಲೆ ನಾನು ಮನೆಯೊಳಗೆ ಮಿಮಿಕ್ರಿ ನಿಲ್ಲಿಸಿದೆ. ಊರೆಲ್ಲ ನಗಿಸುವವನು ಮನೆಗೆ ಬಂದು ಪಂಚಾಯಿತಿ ಸದಸ್ಯನ ಹಾಗೆ ಗಂಭೀರವಾಗಿ ಕೂರಬೇಕಾಯಿತು.

ಪುಡಿ ಮಾರುವುದನ್ನು ಬಿಡಿಸಿದೆ. ಅಡುಗೆಯನ್ನೂ ನಾನೇ ಮಾಡುತ್ತೇನೆಂದು ನಿಂತೆ. ಅವ್ವ ಒಂದು ತುತ್ತು ಬಾಯಿಗಿಟ್ಟು, “ಸಾರಿನ ಮಿಮಿಕ್ರಿ ಮಾಡೀಯ. ಸಾರು ಮಾಡಿಲ್ಲ” ಎಂದು ಎದ್ದು ಹೋಗಿ ಒಗ್ಗರಣೆ ಸೌಟು ಹಿಡಿದಳು.

ನಮ್ಮ ಅಡುಗೆಮನೆಗೆ ಒಂದು ಕಿಟಕಿ ಇತ್ತು. ಇತ್ತು ಅಂದರೆ ಈಗಲೂ ಇದೆ. ಆಗ ಅದು ಮುಚ್ಚಿತ್ತು. ಅದರಾಚೆ ಒಬ್ಬರು ಅಡ್ಡಡ್ಡ ನಡೆಯಬೇಕಾದಷ್ಟು ಸಣ್ಣ ಸಂದಿ. ಸಂದಿಯಾಚೆ ಪಕ್ಕದ ಮನೆಯ ಅಡುಗೆಮನೆ ಕಿಟಕಿ. ಈ ಕಿಟಕಿಯಿಂದ ಕೈ ಚಾಚಿದರೆ ಆ ಕಿಟಕಿಗೆ ಪಲ್ಯದ ಬಟ್ಟಲು ಮುಟ್ಟುತ್ತದೆ. ಆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಸಂಬಂಧ ಏನೂ ಇಲ್ಲದಿದ್ದರೂ ನಾನು ಅವರನ್ನು ಮಾವ, ಅತ್ತೆ ಎಂದೇ ಕರೆದು ಬೆಳೆದವನು. ಅವ್ವ ಅತ್ತೆಯನ್ನು ‘ಅತ್ತಿಗೆ’ ಅನ್ನುತ್ತಿದ್ದಳು.

ಅವ್ವ ಮೆಣಸಿನಕಾಯಿ ಹುರಿಯಲು ಕೂತರೆ ಸಂದಿಯಾಚೆಯಿಂದ ಮಾವನ ಸೀನು ಶುರುವಾಗುತ್ತಿತ್ತು. ಮೊದಲನೆಯದು ಮಗು ಸೀನಿದ ಹಾಗೆ, ಎರಡನೆಯದು ಎತ್ತು ಸೀನಿದ ಹಾಗೆ, ಮೂರನೆಯದಕ್ಕೆ ಅಟ್ಟದ ಮೇಲಿನ ಪಾತ್ರೆ ಸದ್ದು ಮಾಡಬೇಕು. ಆಮೇಲೆ ಕೂಗು: “ಏನವ್ವಾ, ಇವತ್ತೇ ಮುಗಿಸ್ತೀಯೋ, ನಾಳಿಗೂ ಸ್ವಲ್ಪ ಇಡ್ತೀಯೋ ನನ್ನ?” ಅತ್ತೆ ಒಳಗಿಂದ, “ನೀವೊಂದು ಮೂಗು ಮುಚ್ಕೊಳ್ರಿ, ಅವಳ ಹೊಟ್ಟೆಪಾಡು ಅದು” ಅನ್ನುವರು. ಮಾವನ ಸೀನು ನನ್ನ ಮೊದಲ ಮಿಮಿಕ್ರಿ. ಅದನ್ನು ಮಾಡಿಯೇ ಶಾಲೆಯಲ್ಲಿ ಬಹುಮಾನ ತಗೊಂಡೆ, ಅದನ್ನು ಮಾಡಿಯೇ ಮಾವನ ಕೈಲಿ ಕಿವಿ ಹಿಂಡಿಸಿಕೊಂಡೆ.

ಮಾವ ಹೋದರು. ಸಾವಿನ ಮನೆಯಲ್ಲಿ ಹನ್ನೊಂದು ದಿನ ಒಗ್ಗರಣೆ ಹಾಕುವುದಿಲ್ಲ. ಅಳುವ ಮನೆಯ ಮುಂದೆ ಸಾಸಿವೆ ಚಟಪಟ ಅನ್ನಬಾರದು ಎಂದು ನಮ್ಮ ಬೀದಿಯಲ್ಲಿ ಎದುರು ಬದುರು ಮನೆಯವರೂ ಅಷ್ಟು ದಿನ ಸಪ್ಪೆಯಲ್ಲೇ ಉಣ್ಣುತ್ತಾರೆ, ಇಲ್ಲವೇ ವಾಸನೆ ಹೊರಗೆ ಹೋಗದ ಹಾಗೆ ನೋಡಿಕೊಳ್ಳುತ್ತಾರೆ. ಅವ್ವ ಕಿಟಕಿ ಮುಚ್ಚಿ ಚಿಲಕ ಹಾಕಿದಳು. ಹನ್ನೊಂದು ದಿನ ಕಳೆಯಿತು. ಮರುದಿನ ಅವಳು ಚಿಲಕಕ್ಕೆ ಕೈ ಹಾಕಿದ್ದನ್ನು ನಾನು ನೋಡಿದ್ದೇನೆ. ಕದದ ಸಂದಿನಿಂದ ಆಚೆ ನೋಡಿ ಹಾಗೇ ನಿಂತಳು.

“ಯಾಕವ್ವ?”

“ಅತ್ತಿಗೆ ಒಬ್ಬರೇ ಕೂತು ಮಜ್ಜಿಗೆ ಅನ್ನ ಉಣ್ತಾ ಇದಾರೆ. ಒಂದು ಉಪ್ಪಿನಕಾಯಿ ಇಲ್ಲ, ಏನಿಲ್ಲ. ಅವರ ಮೂಗಿಗೆ ನಾನು ಘಮಘಮ ಊದಲಾ?” ಕೈ ತೆಗೆದಳು. “ಇರಲಿ, ಇನ್ನೊಂದಿಷ್ಟು ದಿನ.”

ಆ ಇನ್ನೊಂದಿಷ್ಟು ದಿನ ಮುಗಿಯಲೇ ಇಲ್ಲ. ಅತ್ತೆ ಬೀದಿಯಲ್ಲಿ ಸಿಕ್ಕರೆ ಮಾತು ಆಡುತ್ತಿದ್ದರು. ಆದರೆ ಮೊದಲಿನ ಹಾಗಲ್ಲ, ಬಸ್ಸಿನಲ್ಲಿ ಪಕ್ಕ ಕೂತವರ ಹಾಗೆ. ಮುಚ್ಚಿದ ಅಡುಗೆಮನೆಯಲ್ಲಿ ಘಾಟು ಸುತ್ತಿ ಸುತ್ತಿ ಅವ್ವನ ಎದೆಗೇ ಹೋಗುತ್ತಿತ್ತು. ಕಿಟಕಿ ತೆಗಿ ಎಂದರೆ ಕೇಳುವವಳಲ್ಲ. ಅದಕ್ಕೇ ನಾನು, ಆಟೋದಲ್ಲಿ ಊರಿಗೆಲ್ಲ ಸಾರಿದ ಮೇಲೆ, ಚಿಮ್ನಿ ಅಂಗಡಿಗೆ ಅವ್ವನನ್ನು ಕರೆದುಕೊಂಡು ಹೋದದ್ದು.

ಅಂಗಡಿಯ ಹುಡುಗ ನನ್ನ ದನಿ ಗುರುತು ಹಿಡಿದು, “ಅಣ್ಣಾ, ನಿಮ್ಮ ಕ್ಯಾಸೆಟ್ಟು ಕೇಳಿ ಕೇಳಿ ನಮ್ಮ ಓನರ್‌ಗೇ ತಲೆನೋವು” ಎಂದು ಸ್ವಾಗತಿಸಿದ. ಎರಡು ಥರ ಇದೆ ಎಂದ. ಒಂದಕ್ಕೆ ಪೈಪು. ಗೋಡೆಗೆ ತೂತು ಹಾಕಿ ಹೊಗೆ, ಘಾಟು, ಬಿಸಿ ಎಲ್ಲವನ್ನೂ ಹೊರಗೆ ದಬ್ಬುತ್ತದೆ. ಇನ್ನೊಂದಕ್ಕೆ ಪೈಪಿಲ್ಲ. ಒಳಗೆ ಎಣ್ಣೆ ಜಿಡ್ಡು ಹಿಡಿಯುವ ಜಾಲರಿ, ವಾಸನೆ ಹಿಡಿಯುವ ಇದ್ದಿಲಿನ ಫಿಲ್ಟರು. ಎಳೆದ ಗಾಳಿಯನ್ನು ಅದರಲ್ಲಿ ಸೋಸಿ ಮತ್ತೆ ಅಡುಗೆಮನೆಗೇ ಬಿಡುತ್ತದೆ. ಒಂದು ದಿನಪತ್ರಿಕೆಯ ಹಾಳೆ ತಂದು ಚಿಮ್ನಿ ಬಾಯಿಗೆ ಹಿಡಿದ. ಹಾಳೆ ಟಪ್ಪೆಂದು ಅಂಟಿಕೊಂಡಿತು.

“ಅವ್ವನಿಗೆ ಉಸಿರಿನ ತೊಂದರೆ” ಎಂದೆ.

“ಹಂಗಾದ್ರೆ ಯೋಚನೆನೇ ಬೇಡ್ರಿ. ಪೈಪ್ ಇರೋದೇ ಹಾಕಿಸ್ರಿ. ಮೆಣಸಿನಕಾಯಿ ಘಾಟು ಪೂರ್ತಿ ಸೋಸೋ ಫಿಲ್ಟರ್ ನಾನಂತೂ ನೋಡಿಲ್ಲ.”

ಅವ್ವ ಒಂದೇ ಪ್ರಶ್ನೆ ಕೇಳಿದಳು. “ಪೈಪು ಎಲ್ಲಿ ಬಾಯಿ ಬಿಡ್ತೈತೆ?”

ನಮ್ಮದು ಬಾಡಿಗೆ ಮನೆ, ಮೇಲೆ ಮಾಲೀಕರು. ಅಡುಗೆಮನೆಯ ಮೂರು ಗೋಡೆ ಮನೆಯೊಳಗಿನವು. ಹೊರಗಿನ ಗೋಡೆ ಅಂದರೆ ಸಂದಿ ಕಡೆಯದು ಒಂದೇ. ಅದಕ್ಕೆ ತೂತು ಹಾಕಿಕೊಳ್ಳಿ ಎಂದು ಮಾಲೀಕರು ಒಪ್ಪಿದ್ದರು. ಅಲ್ಲಿ ಪೈಪು ಬಾಯಿ ಬಿಟ್ಟರೆ ನೇರ ಅತ್ತೆಯ ಕಿಟಕಿಗೇ.

ಅವ್ವ ಪೈಪಿಲ್ಲದ್ದರ ಕಡೆ ತಿರುಗಿ, “ಇದೂ ಚಂದೈತೆ” ಎಂದಳು.

ಸೊರಬಕ್ಕೆ ಮದುವೆಯಾಗಿ ಹೋದ ನನ್ನ ಅಕ್ಕನ ಮನೆಯಲ್ಲಿ ಅಂಥದ್ದೇ ಒಂದಿತ್ತು. ನೋಡಿಯೇ ತೀರ್ಮಾನ ಮಾಡೋಣ ಎಂದು ನಾನೇ ಹಟ ಹಿಡಿದು ಅವ್ವನನ್ನು ಬಸ್ಸು ಹತ್ತಿಸಿದೆ. ಸೊರಬದ ಬಸ್‌ಸ್ಟ್ಯಾಂಡಿನಿಂದ ಅಕ್ಕನ ಮನೆಗೆ ನಾಲ್ಕು ಹೆಜ್ಜೆ, ಅಷ್ಟಕ್ಕೇ ಅವ್ವ ಅಡಿಕೆ ಮಂಡಿಯ ಜಗಲಿ ಮೇಲೆ ಒಮ್ಮೆ, ಔಷಧಿ ಅಂಗಡಿ ಮೆಟ್ಟಿಲ ಮೇಲೆ ಒಮ್ಮೆ ಕೂತಳು. “ಊರು ನೋಡ್ತಿದೀನಿ” ಎಂದಳು, ಎಷ್ಟೋ ಸಲ ನೋಡಿದ ಊರನ್ನು.

ಅಕ್ಕ ಸೊರಬಕ್ಕೆ ಹೋದ ಮೇಲೆ ನಮ್ಮ ‘ಐತೆ’ ಬಿಟ್ಟು ‘ಇದೆ ಮಾರಾಯ’ ಹಿಡಿದಿದ್ದಾಳೆ. ಬಾಗಿಲಲ್ಲೇ ನಾನು ಅವಳ ದನಿಯಲ್ಲೇ, “ಬಂದ್ರಾ ಮಾರಾಯ, ಕಾಲು ತೊಳ್ಕಳಿ ಮಾರಾಯ, ನಮ್ಮನೆ ಚಿಮ್ನಿ ನೋಡಿ ಮಾರಾಯ” ಎಂದೆ. ಬೆನ್ನಿಗೆ ಒಂದು ಗುದ್ದು ಬಿತ್ತು. ಚಿಮ್ನಿಯ ಮೇಲೆ ಅವಳು ಕಸೂತಿಯ ಬಟ್ಟೆ ಹೊದಿಸಿ ಇಟ್ಟಿದ್ದಳು, ದೇವರ ಪೆಟ್ಟಿಗೆಗೆ ಹೊದಿಸಿದ ಹಾಗೆ.

“ಬಟ್ಟೆ ತೆಗೆದು ಹಾಕ್ತೀಯೋ, ಊದುಬತ್ತಿ ಹಚ್ಚಿ ಹಾಕ್ತೀಯೋ?” ಎಂದೆ.

“ನೀ ಬಾಯಿ ಮುಚ್ಚು. ಅಮ್ಮಾ, ನೋಡು, ಗುಂಡಿ ಒತ್ತಿದ್ರೆ ಆಯ್ತು.”

ಅವ್ವ ಸೆರಗು ಸಿಕ್ಕಿಸಿ ಪರೀಕ್ಷೆಗೆ ನಿಂತಳು. ಬಾಣಲೆಗೆ ಎಣ್ಣೆ, ಸಾಸಿವೆ, ಕರಿಬೇವು, ಒಂದು ಹಿಡಿ ಒಣಮೆಣಸಿನಕಾಯಿ. ಚಿಮ್ನಿ ಗುರ್ ಎಂದಿತು. ಹೊಗೆ ಮೇಲೆದ್ದು ಅದರ ಬಾಯಿಗೆ ಹೋದದ್ದು ಕಂಡಿತು. ಅಕ್ಕ ಹೆಮ್ಮೆಯಿಂದ ನನ್ನ ಕಡೆ ನೋಡಿದಳು. ಅಷ್ಟರಲ್ಲಿ ಅದೇ ಗಾಳಿ ಮೇಲಿನಿಂದ ಇಳಿದು ಬಂತು. ಹೊಗೆ ಇರಲಿಲ್ಲ, ಘಾಟು ಇತ್ತು. ನನ್ನ ಗಂಟಲು ಕೆರೆಯಿತು. ಅಕ್ಕ ಸೀನಿದಳು. ಅವ್ವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅವಳು ತುಟಿ ಬಿಗಿಹಿಡಿದು ಉಸಿರು ಕಟ್ಟಿಕೊಂಡು ನಿಂತಿದ್ದಳು.

“ಹೆಂಗಿದೆ ಅಮ್ಮಾ?”

“ಬಹಳ ಚಂದೈತೆ” ಎಂದಳು ಅವ್ವ. ಎಂದವಳೇ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ನಾನು ನೀರು ತಗೊಂಡು ಹೋದಾಗ ಅವಳಿಗೆ ಲೋಟ ಹಿಡಿಯುವಷ್ಟೂ ಉಸಿರು ಇರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಮಾತು ತೆಗೆದೆ. “ಅವ್ವ, ಅಕ್ಕಂಗೆ ಬೇಜಾರಾಗಬಾರದು ಅಂತ ಅಂದಿದ್ದು ಸರಿ. ನಮ್ಮನೆಗೆ ಪೈಪಿನದೇ ಹಾಕಿಸಣ.”

“ಅಂಥದ್ದೇ ಸಾಕು.”

“ಘಾಟೆಲ್ಲ ಒಳಗೇ ಬಂತಲ್ಲ!”

“ನಮ್ಮ ಘಾಟು ನಮ್ಮನೇಲಿ ಇರಲಿ. ಗಂಡನ್ನ ಕಳ್ಕೊಂಡೋರ ಕಿಟಕಿಗೆ ದಿನಾ ಒಗ್ಗರಣೆ ಊದೋದಕ್ಕೆ ಮಿಷಿನ್ನು ಇಟ್ಕೊಂಡಂಗೆ ಆಗ್ತೈತೆ. ಇಷ್ಟು ದಿನ ಕೈಯಾರೆ ಮುಚ್ಚಿ, ಈಗ ಫ್ಯಾನ್ ಹಾಕಿ ಕಳಿಸಲಾ?”

“ನಾ ಹೋಗಿ ಅತ್ತೆನ್ನೇ ಕೇಳ್ತೀನಿ.”

“ಕೇಳಿದ್ರೆ ಬೇಡ ಅಂತಾರೇನೋ? ಆಗ್ಲಿ ಅಂತಾರೆ, ಆಮೇಲೆ ಸಹಿಸ್ಕೊಂಡು ಕೂರ್ತಾರೆ. ಕೇಳೋದೇ ತಪ್ಪು.”

ನಮ್ಮ ಕಡೆ ಹೀಗೆಯೇ. ಇಲ್ಲ ಅನ್ನಲಾರದವರ ಹತ್ತಿರ ಏನನ್ನೂ ಕೇಳಬಾರದು. ನಾನು ಕೊನೆಯ ಅಸ್ತ್ರವಾಗಿ ಚಿಮ್ನಿಯ ದನಿಯನ್ನೇ ಮಾಡಿದೆ: “ಗುರ್‌ರ್... ತಗೋ ಅವ್ವ ನಿನ್ನ ಘಾಟು, ನೀನೇ ಇಟ್ಕೋ, ನಂಗ್ಯಾಕೆ...” ಅವ್ವ ತಡೆಯಲಾರದೆ ನಕ್ಕಳು. ಆಮೇಲೆ ಮುಂದಿನ ಸೀಟಿನ ಕಂಬಿ ಹಿಡಿದು ಕೆಮ್ಮಿದಳು, ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ. ಯಾರೋ ನೀರಿನ ಬಾಟಲಿ ಕೊಟ್ಟರು.

ಪೈಪಿಲ್ಲದ್ದೇ ಬಂತು. ಇದ್ದಿಲಿನ ಫಿಲ್ಟರನ್ನು ಹೇಳಿದ್ದಕ್ಕಿಂತ ಮುಂಚೆಯೇ ಬದಲಾಯಿಸುತ್ತಿದ್ದೆ. ಜಾಲರಿಯನ್ನು ಸೋಡಾಪುಡಿಯಲ್ಲಿ ನೆನೆಸಿ ಉಜ್ಜುತ್ತಿದ್ದೆ. ಜಿಡ್ಡು ಹಿಡಿಯಿತು, ಗೋಡೆ ಬೆಳ್ಳಗೆ ಉಳಿಯಿತು. ಅವ್ವ ಬಂದವರಿಗೆಲ್ಲ ಗುಂಡಿ ಒತ್ತಿ ತೋರಿಸುತ್ತಿದ್ದಳು. ಒಗ್ಗರಣೆಗೆ ಮೆಣಸಿನಕಾಯಿ ಕಡಿಮೆ ಮಾಡಿದಳು, ಆಮೇಲೆ ಬಿಟ್ಟಳು, ಆಮೇಲೆ ಸೌಟನ್ನೇ ನನ್ನ ಕೈಗೆ ಕೊಟ್ಟು ನಡುಮನೆಯಲ್ಲಿ ಕೂತು, “ಸಾಸಿವೆ ಸಿಡಿದ ಮೇಲೆ ಇಂಗು” ಎಂದು ಅಲ್ಲಿಂದಲೇ ಹೇಳತೊಡಗಿದಳು. ಆ ಹೇಳುವುದೂ ತುಂಡು ತುಂಡಾಯಿತು. “ಸಾಸಿವೆ...” ಎಂದು ಒಂದು ಉಸಿರು, “ಇಂಗು” ಎಂದು ಇನ್ನೊಂದು.

ಪೈಪು ಹಾಕಿಸಿದ್ದರೆ ಅವ್ವ ಬದುಕುತ್ತಿದ್ದಳು ಎಂದು ನಾನು ಹೇಳುವುದಿಲ್ಲ. ಡಾಕ್ಟರೂ ಹೇಳಲಿಲ್ಲ. ಎದೆಯಲ್ಲಿ ಕೂತದ್ದು ಎಷ್ಟೋ ವರ್ಷದ್ದು. ಆದರೆ ಕೊನೆಯ ತಿಂಗಳುಗಳಲ್ಲಿ ಅವಳು ಎಳೆದುಕೊಂಡ ಒಂದೊಂದು ಉಸಿರನ್ನೂ ನಾನು ಪಕ್ಕದಲ್ಲಿ ಕೂತು ಕೇಳಿದವನು. ಅದರಲ್ಲಿ ಸ್ವಲ್ಪವಾದರೂ ಸಲೀಸಾಗಿ ಹೋಗಿ ಬರಬಹುದಿತ್ತೇನೋ ಅನ್ನಿಸುತ್ತದೆ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕದ ನಳಿಗೆ ಹಾಕಿದ್ದರು. ಒಂದು ಮಧ್ಯಾಹ್ನ ಬೆರಳಾಡಿಸಿ ಹತ್ತಿರ ಕರೆದಳು.

“ಮಾವನ ಸೀನು ಮಾಡು.”

“ಬೇಡವ್ವ. ನಕ್ಕರೆ ಕೆಮ್ಮು ಬರ್ತೈತೆ.”

“ಮಾಡೋ.”

ನಾನು ಸದ್ದಿಲ್ಲದೆ ಮಾಡಿದೆ. ಬರೀ ಮುಖ. ಮೊದಲು ಮಗುವಿನ ಸೀನು, ಆಮೇಲೆ ಎತ್ತಿನದು, ಆಮೇಲೆ ಅಟ್ಟದ ಪಾತ್ರೆ ಬೀಳಿಸುವುದು. ಮಾವ ಸೀನಿ ಮುಗಿಸಿ ಹೆಗಲ ಮೇಲಿನ ಟವೆಲ್ಲಿನಲ್ಲಿ ಮೂಗು ಒರೆಸಿಕೊಂಡು ನಮ್ಮ ಕಿಟಕಿ ಕಡೆ ನೋಡುವ ಆ ನೋಟ. ಅವ್ವ ಕಣ್ಣಲ್ಲೇ ನಕ್ಕಳು. ಪಕ್ಕದ ಮಂಚದವರು ಈ ಹುಡುಗನಿಗೆ ಏನೋ ಬಂದಿದೆ ಎಂದು ನರ್ಸನ್ನು ಕರೆದರು. ನನ್ನ ಕಸುಬಿನಲ್ಲಿ ಅದಕ್ಕಿಂತ ಒಳ್ಳೆಯದನ್ನು ನಾನು ಮಾಡಿಲ್ಲ. ಆ ವಾರವೇ ಅವ್ವ ಹೋದಳು.

ಈಗ ಒಗ್ಗರಣೆ ಇಲ್ಲದ ಹನ್ನೊಂದು ದಿನ ನಮ್ಮ ಮನೆಯದು. ಅಕ್ಕ ಸೊರಬದಿಂದ ಬಂದು ಉಳಿದಿದ್ದಳು. ಅತ್ತೆ ದಿನವೂ ಬೀದಿ ಸುತ್ತಿಕೊಂಡು ಮುಂಬಾಗಿಲಿಂದ ಬಂದು ಅನ್ನ, ಸಪ್ಪೆ ಬೇಳೆ ಇಟ್ಟು ಹೋಗುತ್ತಿದ್ದರು. ಒಂದು ದಿನ ಪಾತ್ರೆ ಇಡಲು ಅಡುಗೆಮನೆಗೆ ಬಂದವರು ಆ ಚಿಲಕ ಹಾಕಿದ ಕಿಟಕಿ ನೋಡಿ ನಿಂತರು.

“ಇನ್ನು ಇದನ್ನ ತೆಗೀಬಹುದೇನೋ ಅಲ್ವಾ” ಎಂದರು. “ನನ್ನ ಮುಖ ನೋಡಬಾರದು ಅಂತ ಇದ್ದೋಳೇ ಹೋದಳು.”

ನನಗೆ ಅರ್ಥವಾಗಲಿಲ್ಲ. “ಏನಂದ್ರಿ ಅತ್ತೆ?”

“ಬೆಳಿಗ್ಗೆ ಎದ್ದು ಒಲೆ ಹಚ್ಚೋ ಹೊತ್ತಿಗೆ ಗಂಡ ಸತ್ತೋಳ ಮುಖ ಎದುರಿಗೆ ಯಾಕೆ ಅಂತ ಮುಚ್ಚಿದಳು. ನಾ ಬೇಜಾರು ಮಾಡ್ಕಳ್ಲಿಲ್ಲ ಕಣೋ. ತಾನೂ ಗಂಡನ್ನ ಕಳ್ಕೊಂಡೋಳೇ, ಆದ್ರೂ ಮಕ್ಕಳೊಂದಿಗಳು, ಅವಳಿಗೂ ಒಳ್ಳೇದು ಆಗ್ಬೇಕಲ್ಲ.”

ಅಕ್ಕನೇ ಅಳುತ್ತಾ ಹೇಳಿದಳು: ಹನ್ನೊಂದು ದಿನಕ್ಕೆಂದು ಮುಚ್ಚಿದ್ದು, ಮಜ್ಜಿಗೆ ಅನ್ನ ನೋಡಿ ತೆಗೆಯದೇ ಹೋದದ್ದು, ಪೈಪು ಬೇಡವೆಂದು ಹಟ ಮಾಡಿದ್ದು.

ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡರು, ಅವ್ವ ಹಿಡಿಯುತ್ತಿದ್ದ ಜಾಗವನ್ನೇ.

“ಅಯ್ಯೋ ಹುಚ್ಚೀ” ಎಂದರು. ಅವ್ವ ಒಳಗೇ ಎಲ್ಲೋ ಇರುವಳೆಂಬಂತೆ ಬೈದರು. “ಅವರು ಹೋದ ಮೇಲೆ ನನಗೆ ಒಲೆ ಹಚ್ಚೋಕೇ ಮನಸ್ಸಿರಲಿಲ್ಲ ಕಣೇ. ನಿನ್ನ ಒಗ್ಗರಣೆ ವಾಸನೆ ಬಂದ್ರೆ ನಾನೂ ಏನಾದ್ರೂ ಮಾಡ್ಕಂಡು ಉಣ್ಣಾನ ಅನ್ಸ್ತಿತ್ತೇನೋ. ಕಾದೆ. ಕಿಟಕಿ ತೆಗೀಲೇ ಇಲ್ಲ. ಒಂದ್ ಮಾತು ಕೇಳ್ಬಾರ್ದಾಗಿತ್ತಾ?”

ಕಿಟಕಿಯ ಚಿಲಕ ಮುಟ್ಟಿ ನೋಡಿ ಅವರೇ ಮೆಲ್ಲಗೆ ಅಂದರು, “ನಾನಾದ್ರೂ ಕೇಳ್ಬಹುದಿತ್ತು.”

ಎಲ್ಲ ಮುಗಿದು ಅಕ್ಕ ಸೊರಬಕ್ಕೆ ಹೋದ ಮೇಲೆ ನಾನು ಚಿಮ್ನಿ ಅಂಗಡಿಗೆ ಹೋದೆ. ಇದನ್ನು ಕೊಟ್ಟು ಪೈಪಿನದು ತರೋಣವೆಂದಿದ್ದೆ. ಅಂಗಡಿಯ ಹುಡುಗ, “ಬದಲಾಯಿಸೋದೇನೂ ಬೇಡ ಅಣ್ಣಾ, ಇದೇ ನಡೀತೈತೆ. ಇದ್ದಿಲು ಫಿಲ್ಟರ್ ತೆಗೆದು, ಮೇಲೆ ಪೈಪ್ ಕೂರಿಸಿದ್ರೆ ಆಯ್ತು” ಎಂದ. ಅಂದರೆ ಇಷ್ಟು ದಿನ ಅವ್ವನ ತಲೆಯ ಮೇಲೆ ತೂಗುತ್ತಿದ್ದದ್ದು ಎರಡೂ ಥರದ ಚಿಮ್ನಿ ಆಗಿತ್ತು. ತೂತು ಹಾಕುವುದು ಒಂದೇ ಬಾಕಿ ಇತ್ತು.

ಗೋಡೆ ಕೊರೆಯುವಾಗ ಅತ್ತೆ ತಮ್ಮ ಕಿಟಕಿಯಲ್ಲಿ ನಿಂತು ಮೇಸ್ತ್ರಿಗೇ ಮೇಸ್ತ್ರಿಯಾದರು. “ಇನ್ನೂ ಈ ಕಡೆ ಬರ್ಲಿ. ಮೇಲಕ್ಕೆ ತಿರುಗಿಸಬೇಡ್ರಿ, ನೆಟ್ಟಗೆ ಇರ್ಲಿ.” ಆಚೆ ಮನೆಯವರು ವಾಸನೆ ಬರುತ್ತದೆಂದು ಜಗಳ ಮಾಡುವುದನ್ನು ನೋಡಿದ್ದ ಮೇಸ್ತ್ರಿ, ನಮ್ಮ ಮನೆಗೇ ಬಿಡ್ರಿ ಎನ್ನುವವರನ್ನು ಮೊದಲ ಸಲ ನೋಡಿ ಡ್ರಿಲ್ಲು ನಿಲ್ಲಿಸಿ ನನ್ನ ಮುಖ ನೋಡಿದ. ಅವನು ಹೋದ ಮೇಲೆ ಕಿಟಕಿಯನ್ನೂ ತೆಗೆದೆ. ಚಿಲಕಕ್ಕೆ ತುಕ್ಕು ಹಿಡಿದು, ಸುತ್ತಿಗೆಯಲ್ಲಿ ಬಡಿಯಬೇಕಾಯಿತು.

ಮರುದಿನ ಬೆಳಿಗ್ಗೆ ಬಾಣಲೆ ಇಟ್ಟೆ. ಎಣ್ಣೆ. ಸಾಸಿವೆ ಸಿಡಿದ ಮೇಲೆ ಇಂಗು. ಕರಿಬೇವು. ಆಮೇಲೆ ಅವ್ವ ಹಾಕುತ್ತಿದ್ದ ಹಾಗೆ ಒಂದು ಹಿಡಿ ಮೆಣಸಿನಕಾಯಿ. ಗುಂಡಿ ಒತ್ತಿದೆ. ಘಾಟೆಲ್ಲ ಎದ್ದು, ಚಿಮ್ನಿ ಹೊಕ್ಕು, ಹೊರಟೇ ಹೋಯಿತು. ಇಷ್ಟೇ ಕೆಲಸ ಅದಕ್ಕೆ. ಸಂದಿಯಾಚೆ ಅತ್ತೆ ತಟ್ಟೆ ಹಿಡಿದು ಬಂದು ಕೂತರು.

“ಬಂತು ನೋಡು” ಎಂದರು. ಮೂಗು ಎತ್ತಿ ಉಸಿರು ಎಳೆದುಕೊಂಡರು. “ಮೆಣಸಿನಕಾಯಿ ಒಂಚೂರು ಸೀದೈತೆ. ಅವಳು ಹಿಂಗೆ ಸೀಯಿಸ್ತಿರಲಿಲ್ಲ.”

ಬೈಗುಳ ಕೇಳಿ ನನಗೆ ನಗು ಬಂತು. ನಗುವಾಗ ಎಲ್ಲೋ ತಪ್ಪಿಸಿಕೊಂಡ ಒಂದೆಳೆ ಘಾಟು ಗಂಟಲಿಗೆ ಹೋಗಿ ಕೆಮ್ಮಿದೆ. ಬಗ್ಗಿ, ಟವೆಲ್ಲು ಬಾಯಿಗೆ ಒತ್ತಿಕೊಂಡು ಕೆಮ್ಮಿದೆ.

ಕೆಮ್ಮು ನಿಂತು ತಲೆ ಎತ್ತಿದಾಗ ಅತ್ತೆಯ ತುತ್ತು ಕೈಯಲ್ಲೇ ಇತ್ತು.

“ಅವಳೇ ಕೆಮ್ಮಿದಂಗಾಯ್ತು ಕಣೋ” ಎಂದರು. “ಹಂಗೆಲ್ಲ ಅವಳ ದನಿ ಮಾಡಬೇಡ. ನನ್ನ ಕೈಲಿ ಕೇಳೋಕಾಗಲ್ಲ.”

“ನಾನು ಮಾಡಲಿಲ್ಲ ಅತ್ತೆ” ಎಂದೆ.

ಬಾಣಲೆ ಇಳಿಸಿದ ಮೇಲೂ ನಾನು ಚಿಮ್ನಿ ಆರಿಸಲಿಲ್ಲ. ಆಮೇಲೆ ಒಗ್ಗರಣೆ ಹಾಕಿದ ಸಾರನ್ನು ಬಟ್ಟಲಿಗೆ ಬಗ್ಗಿಸಿ, ಕಿಟಕಿಯಿಂದ ಕೈ ಚಾಚಿದೆ. ಆ ಕಡೆಯಿಂದ ಅತ್ತೆಯೂ ಚಾಚಿದರು.